ಮಾಷ್ಟ್ರ ಮಣ್ಣು

"ಮಾಷ್ಟ್ರೇ, ಎಣ್ಣೆ ಎಲ್ಲಿ ಬಿಡುವುದು?"

ಬೆಳಗ್ಗೆ ಏಳು ಗಂಟೆಗೆ ಗೇಟಿನ ಹೊರಗೆ ನಿಂತು ಪೂವಮ್ಮ ಕೇಳಿದ್ದು ನಿತ್ಯಾನಂದ ಮಾಷ್ಟ್ರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವರು ಆಗ ಚಪ್ಪರದವನ ಜೊತೆ ಜಗಳಕ್ಕೆ ನಿಂತಿದ್ದರು. ಮಗಳು ಪ್ರಾಪ್ತಿಯ ಮದುವೆ ನಾಡಿದ್ದು ಮೂಡುಬಿದಿರೆಯ ಹಾಲ್‌ನಲ್ಲಿ, ಮೆಹಂದಿ ನಾಳೆ ಸಂಜೆ ಮನೆಯಂಗಳದಲ್ಲಿ. ನಾನೂರು ಕುರ್ಚಿ ಹಾಕಿದ ಮೇಲೂ ಕುಣಿಯುವವರಿಗೆ ಜಾಗ ಬೇಕೆಂದು ಮಾಷ್ಟ್ರ ಹಠ. ಮುನ್ನೂರೈವತ್ತಕ್ಕಿಂತ ಒಂದು ಕುರ್ಚಿಯೂ ಹೆಚ್ಚು ಹಿಡಿಯುವುದಿಲ್ಲವೆಂದು ಚಪ್ಪರದವನ ಹಠ.

"ಎಂತ ಎಣ್ಣೆ?" ಎಂದರು, ತಿರುಗಿ ನೋಡದೆ.

"ಕೆಡ್ಡಸದ ಎಣ್ಣೆ. ಗದ್ದೆಗೆ ಹೋಗಿದ್ದೆ. ಬಿಡುವ ಅಂತ ನೋಡಿದ್ರೆ ನೆಲವೇ ಕಾಣುವುದಿಲ್ಲ."

ಆಗ ಮಾಷ್ಟ್ರು ತಿರುಗಿದರು. ಪೂವಮ್ಮನ ಒಂದು ಕೈಯಲ್ಲಿ ಎಣ್ಣೆಯ ಗಿಣ್ಣಲು, ಇನ್ನೊಂದರಲ್ಲಿ ಬಾಳೆಲೆಯ ತುಂಡು, ಅದರಲ್ಲಿ ಅರಸಿನ, ಸೀಗೆಪುಡಿ. ಕೆಡ್ಡಸವೆಂದರೆ ತುಳುನಾಡಿನಲ್ಲಿ ಭೂಮಿ ಮುಟ್ಟಾಗುವ ಮೂರು ದಿನ. ಆ ಮೂರು ದಿನ ನೆಲಕ್ಕೆ ಹಾರೆ ತಾಗಿಸುವಂತಿಲ್ಲ, ಟಿಲ್ಲರ್ ಇಳಿಸುವಂತಿಲ್ಲ. ನಾಲ್ಕನೆಯ ಬೆಳಗ್ಗೆ ಹೆಂಗಸರು ಎಣ್ಣೆ ಸೀಗೆ ಕೊಟ್ಟು ಭೂಮಿಯನ್ನು ಮೀಯಿಸಿದ ಮೇಲೆಯೇ ಕೆಲಸ. ಪೂವಮ್ಮ ಮತ್ತು ಗಂಡ ತುಕ್ರಪ್ಪ ಪಡ್ಡಾಯಿಬೈಲಿನಲ್ಲಿ ಗೇಣಿಗೆ ಬೇಸಾಯ ಮಾಡುವವರು. ನಲವತ್ತು ವರ್ಷಗಳಿಂದ ಅವಳು ಎಣ್ಣೆ ಬಿಡುವುದು ಅದೇ ಗದ್ದೆಗೆ.

"ನೆಲ ಕಾಣುವುದಿಲ್ಲ ಅಂದ್ರೆ?"

"ಬಂದು ನೋಡಿ," ಎಂದಳು ಪೂವಮ್ಮ. ಗದ್ದೆಯ ಕಡೆಗೆ ನಡೆದಳು.

ಮಾಷ್ಟ್ರು ಉಟ್ಟ ಪಂಚೆಯಲ್ಲೇ ಸ್ಕೂಟರ್ ಹತ್ತಿದರು. ಮಿಜಾರಿನ ಕಡೆಗೆ ಹೋಗುವ ರಸ್ತೆಯ ತಿರುವು ಕಳೆದರೆ ಎಡಕ್ಕೆ ಪಡ್ಡಾಯಿಬೈಲು, ಹನ್ನೊಂದು ಎಕರೆ ಒಂದೇ ಚಾಪೆಯಲ್ಲಿ ಹಾಸಿಕೊಂಡಿರುವ ಗದ್ದೆ. ಆ ತಿರುವಿನಲ್ಲಿ ಅವರಿಗೆ ಯಾವಾಗಲೂ ಎದೆ ತುಂಬಿ ಬರುತ್ತಿತ್ತು. ಇವತ್ತು ರಸ್ತೆ ಬದಿಯ ನಲವತ್ತು ಸೆಂಟ್ಸ್ ಗದ್ದೆ ಇರಲಿಲ್ಲ. ಅಲ್ಲಿ ಮೊಣಕಾಲೆತ್ತರಕ್ಕೆ ಕೆಂಪು ಮಣ್ಣು ಇತ್ತು, ಸುರಿದು, ತಟ್ಟಿ, ಚೆಂಡಾಟದ ಮೈದಾನದ ಹಾಗೆ ಸಮ ಮಾಡಿದ್ದು. ಬೈಲಿಗೆ ನೀರು ಬರುವ ತೋಡಿನ ಬಾಯಿಯೂ ಅದರಡಿಯಲ್ಲಿ ಮುಚ್ಚಿಹೋಗಿತ್ತು. ತುಕ್ರಪ್ಪ ಬಿತ್ತಿದ ಉದ್ದು ನಾಲ್ಕು ಬೆರಳು ಎದ್ದಿತ್ತು. ಮಣ್ಣಿನ ಅಂಚಿನಲ್ಲಿ ಎಂಟು ಹತ್ತು ಸಸಿಗಳು ಅರ್ಧ ಮೈ ಹೊರಗಿಟ್ಟು ಇನ್ನೂ ಹಸಿರಾಗಿದ್ದವು.

ಮಾಷ್ಟ್ರು ಸ್ಕೂಟರಿಗೆ ಸ್ಟ್ಯಾಂಡ್ ಹಾಕಲೂ ಮರೆತರು. ಅದು ಅವರ ಹಿಂದೆ ಧಡಾರನೆ ಬಿತ್ತು.

ಯಾರಾದರೂ ಬೇರೆಯವರ ಗದ್ದೆ ಆಗಿದ್ದರೆ ಬೊಬ್ಬೆ ಹಾಕಿ ಊರು ಸೇರಿಸುತ್ತಿದ್ದ ಮನುಷ್ಯ ಅವರು. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಅವರಿಗೆ ಇದ್ದದ್ದು ಇದೊಂದೇ ಹುಚ್ಚು. 'ಬೈಲು ಬಳಗ' ಎಂದು ಕಟ್ಟಿಕೊಂಡು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಮೂರು ತಾಲೂಕು ತಿರುಗುತ್ತಿದ್ದರು. ಪೇಟೆ ಬೆಳೆಯುವಲ್ಲೆಲ್ಲ ಮೊದಲು ಸಾಯುವುದು ರಸ್ತೆ ಬದಿಯ ಗದ್ದೆ, ಆಮೇಲೆ ಮಕ್ಕಳ ಆಟದ ಬಯಲು, ಕೊನೆಗೆ ಬಾವಿಯ ನೀರು ಎಂದು ಪಂಚಾಯತುಗಳಲ್ಲಿ ಕೂತು ಪಾಠ ಮಾಡುತ್ತಿದ್ದರು. ಪಾಠ ಮಾಡುವ ಚಟ ಬಿಟ್ಟುಹೋಗುವಂಥದ್ದಲ್ಲವಲ್ಲ. ಬೆಳ್ತಂಗಡಿಯಲ್ಲಿ ಒಂದು ಬಯಲಿಗೆ ಬೇಲಿ ಬೀಳದ ಹಾಗೆ ತಡೆದಿದ್ದರು. ಫರಂಗಿಪೇಟೆಯ ಹತ್ತಿರ ಹೊಳೆ ಬದಿಯ ಗದ್ದೆಗೆ ಮಣ್ಣು ತುಂಬಲು ಬಂದ ಟಿಪ್ಪರಿನ ಎದುರು ಛತ್ರಿ ಹಿಡಿದು ಕುರ್ಚಿ ಹಾಕಿ ಕೂತಿದ್ದರು. ಆ ಫೋಟೋ ಪೇಪರಿನಲ್ಲಿ ಬಂದದ್ದನ್ನು ಲ್ಯಾಮಿನೇಟ್ ಮಾಡಿಸಿ ಚಾವಡಿಯಲ್ಲಿ ತೂಗುಹಾಕಿದ್ದರು. ಬಂದವರಿಗೆ ತೋರಿಸುವುದಿಲ್ಲ, ಆದರೆ ಬಂದವರನ್ನು ಕೂರಿಸುವುದು ಅದರ ಎದುರಿಗೇ.

ಈಗ ಪಡ್ಡಾಯಿಬೈಲಿನ ಸರದಿ. ಬೈಲಿನ ಮೇಲ್ಭಾಗದ ನಾಲ್ಕು ಎಕರೆ, ತೋಡಿನ ಬಾಯಿ ಸೇರಿ, ಮೂಡುಬಿದಿರೆಯ ಭುಜಬಲಿಯವರದ್ದು. ಎರಡು ವರ್ಷ ಅವರ ಮನೆ ಮೆಟ್ಟಿಲು ಹತ್ತಿ ಇಳಿದು ಮಾಷ್ಟ್ರು ಅವರನ್ನು ಒಪ್ಪಿಸಿದ್ದರು. ಮೂವತ್ತು ವರ್ಷ ಗದ್ದೆ ಗದ್ದೆಯಾಗಿಯೇ ಇರಬೇಕು, ಮನೆ ಕಟ್ಟಬಾರದು, ಮಾರಬಾರದು, ಬೇಸಾಯ ತುಕ್ರಪ್ಪನಂಥವರು ಮಾಡಬೇಕು ಎಂದು ಕರಾರು. ನಾಳೆ ಬೆಳಗ್ಗೆ ಸರ್ವೆಯವರು ಬಂದು ಅಳೆದು ಕಲ್ಲು ಹಾಕಿ ವರದಿ ಬರೆದರೆ, ಹನ್ನೊಂದು ಗಂಟೆಗೆ ಭುಜಬಲಿಯವರ ರುಜು. ಮೂರು ತಾಲೂಕಿನಲ್ಲೇ ಮೊದಲನೆಯದು. ಇದೊಂದು ಆದರೆ ನಾವೂ ಕೊಡುತ್ತೇವೆ ಎಂದು ಬಂಟ್ವಾಳ ಬೆಳ್ತಂಗಡಿಯ ಆರು ಮನೆಯವರು ಕಾಯುತ್ತಿದ್ದರು.

ಸರ್ವೆಯವರು ನಿಜಕ್ಕೂ ಮೂರು ದಿನ ಹಿಂದೆಯೇ ಬಂದಿದ್ದರು. ವಾಪಸು ಕಳಿಸಿದ್ದು ಮಾಷ್ಟ್ರೇ. "ಇವತ್ತು ಕೆಡ್ಡಸ ಶುರು. ಕಲ್ಲು ಹಾಕ್ಲಿಕ್ಕೆ ಗುಂಡಿ ತೆಗೆಯಬೇಕಲ್ಲ? ಭೂಮಿ ಉಳಿಸುವವರೇ ಭೂಮಿಗೆ ನೋವು ಮಾಡಿದ್ರೆ ಹೇಗೆ?" ಎಂದಿದ್ದರು, ಸುತ್ತ ನಿಂತವರಿಗೆ ಕೇಳುವಷ್ಟು ದೊಡ್ಡದಾಗಿ.

ತುಕ್ರಪ್ಪ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ.

"ಯಾವಾಗ ಆದದ್ದು ಇದು ತುಕ್ರಪ್ಪ?"

"ಮೂರು ದಿನ ಆಯ್ತು. ನಾನು ಕೆಡ್ಡಸ ಅಂತ ಗದ್ದೆಗೆ ಬರ್ಲಿಲ್ಲ. ಯಾರೂ ಬರ್ಲಿಲ್ಲ."

"ರಸ್ತೆಯಲ್ಲಿ ಹೋಗುವವರಿಗೆ ಕಣ್ಣು ಇಲ್ವಾ? ಒಬ್ಬನಾದ್ರೂ ತಡೀಬಾರ್ದಾ? ಒಬ್ಬನಾದ್ರೂ ನನಗೆ ಫೋನ್ ಮಾಡಬಾರ್ದಾ?" ಮಾಷ್ಟ್ರ ಸ್ವರ ಏರಿತು.

ತುಕ್ರಪ್ಪ ತಲೆ ಎತ್ತಿ ಅವರ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

"ನಿಮಗೆ ಫೋನ್ ಮಾಡುವುದಾ? ತಡೆದದ್ದು ಉಂಟು ಮಾಷ್ಟ್ರೇ. ಅಂಗಡಿಯವರು ಟಿಪ್ಪರ್ ನಿಲ್ಲಿಸಿ ಕೇಳಿದ್ರಂತೆ. 'ಇದು ಮಾಷ್ಟ್ರ ಮಣ್ಣು' ಅಂದನಂತೆ ಉಜ್ವಲ. ಮತ್ತೆ ಯಾರು ಮಾತಾಡುವುದು?"

"ಯಾರ ಮಣ್ಣು?"

ತುಕ್ರಪ್ಪ ಎದ್ದು ಕೆಂಪು ಮಣ್ಣಿನ ಅಂಚಿನಲ್ಲಿ ಹತ್ತು ಹೆಜ್ಜೆ ನಡೆದು ಒಂದು ಕಡೆ ಬೆರಳು ತೋರಿಸಿದ. ಮಣ್ಣಿನಿಂದ ಸಿಮೆಂಟಿನ ತುಂಡೊಂದು ಹೊರಗೆ ಚಾಚಿತ್ತು. ಮಾಷ್ಟ್ರು ಬಗ್ಗಿ ಕೈಯಿಂದ ಮಣ್ಣು ಸವರಿದರು. ಬಟ್ಟೆ ಒಗೆಯುವ ಕಲ್ಲಿನ ಅರ್ಧ ಭಾಗ. ಹಸಿ ಸಿಮೆಂಟಿನಲ್ಲಿ ಕಡ್ಡಿಯಿಂದ ಗೀಚಿದ ಸೊಟ್ಟ ಅಕ್ಷರಗಳು: ಪ್ರಾಪ್ತಿ, ಒಂದನೇ ಕ್ಲಾಸು.

ಮಾಷ್ಟ್ರು ಆ ಅಕ್ಷರಗಳ ಮೇಲೆ ಬೆರಳಾಡಿಸಿದರು.

ಆ ಕಲ್ಲು ಇಪ್ಪತ್ತು ವರ್ಷ ಅವರ ಮನೆಯ ಹಿಂದೆ ಗುಡ್ಡೆಯ ಬುಡದಲ್ಲಿ ಇತ್ತು. ಹೋದ ವಾರದವರೆಗೂ ಇತ್ತು. ಮೆಹಂದಿಗೆ ಅಂಗಳ ಸಾಲದೆಂದು ಮಾಷ್ಟ್ರು ಆ ಗುಡ್ಡೆಯನ್ನು ಕಡಿಸಿದ್ದರು. ಈಚೆಗೆ ಎಲ್ಲರ ಮನೆಯಲ್ಲೂ ಮೆಹಂದಿ ಮದುವೆಗಿಂತ ದೊಡ್ಡದು. ಸ್ಟೇಜು, ಡಿಜೆ, ಊಟ, ಕಲ್ಲಡ್ಕದಿಂದ ಬರುವ ನೆಂಟರ ಬಸ್ಸು ನಿಲ್ಲಿಸಲು ಜಾಗ. ಅವರ ಹಳೆಯ ಶಿಷ್ಯ ಉಜ್ವಲನಿಗೆ ಒಂದು ಜೆಸಿಬಿ, ಎರಡು ಟಿಪ್ಪರ್ ಇತ್ತು. ಎರಡೇ ದಿನದಲ್ಲಿ ಗುಡ್ಡೆ ಕಡಿದು ಅಂಗಳದಲ್ಲಿ ಮಣ್ಣು ರಾಶಿ ಹಾಕಿದ್ದ. "ಕೆಡ್ಡಸಕ್ಕೆ ಮೊದಲು ಅಗೆಯುವ ಕೆಲಸ ಮುಗಿಸು ಮಾರಾಯ," ಎಂದು ಮಾಷ್ಟ್ರೇ ಅವಸರ ಮಾಡಿದ್ದರು. ಈ ಮಣ್ಣು ಎಂತ ಮಾಡುವುದು ಎಂದು ಅವನು ಕೇಳಿದಾಗ, "ಎಲ್ಲಿಗಾದ್ರೂ ಕೊಂಡೋಗು, ನನಗೆ ಬೇಡ. ಅಂಗಳ ಖಾಲಿ ಆದ್ರೆ ಸಾಕು," ಎಂದಿದ್ದರು. "ಕೆಡ್ಡಸದಲ್ಲಿ ಸಾಗಿಸಬಹುದಾ ಮಾಷ್ಟ್ರೇ?" ಎಂದು ಅವನು ಪಾಪ, ಗುರುವನ್ನು ಕೇಳಿದ್ದ. ಗುರುಗಳು ಒಂದು ಕ್ಷಣ ಯೋಚಿಸಿ ತೀರ್ಪು ಕೊಟ್ಟಿದ್ದರು: "ಅಗೆಯುವುದು ಬೇಡ. ಸಾಗಿಸ್ಲಿಕ್ಕೆ ಅಡ್ಡಿ ಇಲ್ಲ."

ಮೂರು ದಿನ ಟಿಪ್ಪರ್ ಗೇಟು ದಾಟುವ ಸದ್ದು ಕೇಳುತ್ತ ಅವರು ಚಾವಡಿಯಲ್ಲಿ ಕೂತು, ಹೆಂಡತಿ ವಿನೋದಾ ಮಾಡಿದ ಕೆಡ್ಡಸದ ನನ್ನೇರಿ, ಹುರಿದ ಅಕ್ಕಿಹಿಟ್ಟಿಗೆ ಬೆಲ್ಲ ಕಾಯಿ ಕಲಸಿದ್ದನ್ನು, ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದರು.

ಉಜ್ವಲ ಫೋನಿಗೆ ಓಡಿ ಬಂದ. ಮೂವತ್ತು ದಾಟಿದ ಗಂಡಸು, ಮಾಷ್ಟ್ರ ಎದುರು ಇನ್ನೂ ಕೈಕಟ್ಟಿ ನಿಲ್ಲುತ್ತಿದ್ದ.

"ಇಲ್ಲಿ ಹಾಕ್ಲಿಕ್ಕೆ ಯಾರೋ ನಿನಗೆ ಹೇಳಿದ್ದು?"

"ಜಿನೇಶಣ್ಣ. ಭುಜಬಲಿಯವರ ಮಗ. ಮಣ್ಣು ಎಲ್ಲಿಯಾದ್ರೂ ಇದ್ರೆ ತೋಡಿನ ಬಾಯಿಗೆ ಹಾಕು, ಜಾಗ ನಮ್ಮದೇ ಅಲ್ವಾ ಅಂದ್ರು. ನನಗೆ ಸಂಶಯ ಬಂತು ಮಾಷ್ಟ್ರೇ. ನಿಮ್ಮನ್ನು ಕೇಳುವ ಅಂತ ಬಂದೆ. ನೀವು ಚಪ್ಪರದವರ ಜೊತೆ ಇದ್ರಿ. ಭುಜಬಲಿಯವರ ಗದ್ದೆಗೆ ಹಾಕುವುದಾ ಅಂತ ಕೇಳಿದ್ದಕ್ಕೆ, 'ಎಲ್ಲಿಗಾದ್ರೂ ಹಾಕು ಮಾರಾಯ, ತಲೆ ತಿನ್ನಬೇಡ' ಅಂದ್ರಿ."

ಹೇಳಿದ್ದು ನಿಜ. ಅವನ ಪ್ರಶ್ನೆ ಕೇಳಿಸಿಕೊಂಡ ನೆನಪು ಮಾತ್ರ ಅವರಿಗೆ ಇರಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಕಿವಿಗೊಟ್ಟು ಕೇಳಿ ಎಂದು ಬೊಬ್ಬಿಟ್ಟ ಮನುಷ್ಯ! ಅವರಿಗೆ ತನ್ನ ಬಗ್ಗೆಯೇ ಹೇಸಿಗೆ ಅನಿಸಿತು.

ಮೂಡುಬಿದಿರೆಯಲ್ಲಿ ಭುಜಬಲಿಯವರು ಬಸದಿಯಿಂದ ಆಗಷ್ಟೇ ಬಂದು ಜಗಲಿಯಲ್ಲಿ ಕೂತಿದ್ದರು. ಎಂಬತ್ತರ ಹತ್ತಿರದ ತೆಳ್ಳಗಿನ ಮುದುಕ, ಮಾತು ಸಣ್ಣದು. ಮಾಷ್ಟ್ರು ಮೆಟ್ಟಿಲಲ್ಲೇ ನಿಂತು ಬಡಬಡ ಎಲ್ಲ ಹೇಳಿದರು. ಮಗನಿಗೆ ಬುದ್ಧಿ ಹೇಳಬೇಕು, ಇದು ಮೋಸ, ಕರಾರಿನ ಹಿಂದಿನ ದಿನ ಹೀಗೆ ಮಾಡುವುದಾ ಎಂದರು.

ಭುಜಬಲಿಯವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಎರಡು ವರ್ಷ ಮಗನ ಬಾಯಿ ಮುಚ್ಚಿಸಿದ್ದು ನಿಮ್ಮ ಹೆಸರು ಹೇಳಿಯೇ ಮಾಷ್ಟ್ರೇ. ಅವನು ಸೈಟು ಮಾಡುವ ಅಂದಾಗಲೆಲ್ಲ, ನಿತ್ಯಾನಂದರಿಗೆ ಮಾತು ಕೊಟ್ಟಾಗಿದೆ ಅಂತಿದ್ದೆ. ಮೊನ್ನೆ ಫೋನಿನಲ್ಲಿ ಫೋಟೋ ತೋರಿಸಿದ. ನಿಮ್ಮ ಗೇಟು, ನಿಮ್ಮ ಗುಡ್ಡೆ, ಟಿಪ್ಪರು. 'ನೋಡಿ ಅಪ್ಪಾ, ಮೆಹಂದಿಗೆ ಜಾಗ ಬೇಕು ಅಂತ ಮಾಷ್ಟ್ರು ಗುಡ್ಡೆ ಕಡಿಸಿದ್ದಾರೆ. ಅವರ ಗುಡ್ಡೆ ಅವರಿಗೆ ಬೇಡ. ನಮ್ಮ ಗದ್ದೆ ಮಾತ್ರ ನಾವು ಇಟ್ಟುಕೊಳ್ಬೇಕಾ?' ಅಂತ ಕೇಳಿದ. ನಾನು ಎಂತ ಹೇಳಬೇಕಿತ್ತು? ನೀವೇ ಹೇಳಿ."

ಮೂರು ತಾಲೂಕಿನಲ್ಲಿ ಎಂಥೆಂಥ ವಕೀಲರಿಗೆ, ಬಿಲ್ಡರುಗಳಿಗೆ ಉತ್ತರ ಕೊಟ್ಟ ಮಾಷ್ಟ್ರು ಮೆಟ್ಟಿಲಲ್ಲೇ ಕೂತುಬಿಟ್ಟರು.

"ನಾಳೆ ಸರ್ವೆಯವರು ಎಂತ ಕಾಣುತ್ತದೋ ಅದನ್ನು ಬರೀತಾರೆ," ಎಂದರು ಭುಜಬಲಿಯವರು. "ಗದ್ದೆ ಕಂಡ್ರೆ ನಾನು ಹನ್ನೊಂದು ಗಂಟೆಗೆ ಬಂದು ರುಜು ಹಾಕ್ತೇನೆ. ಮಣ್ಣು ಕಂಡ್ರೆ ಮಗನ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ."

ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಮಾಷ್ಟ್ರು ಫರಂಗಿಪೇಟೆಯ ನಸೀಬಾಗೆ ಫೋನ್ ಮಾಡಿದರು. ಬಂಟ್ವಾಳದ ಕಡೆಯ ಬಳಗವನ್ನು ನೋಡಿಕೊಳ್ಳುವವಳು ಅವಳು. ನಾಳೆಯ ರುಜುವಿಗೆ ಕಾಯುತ್ತಿದ್ದ ಆರು ಮನೆಗಳಲ್ಲಿ ಒಂದು ಅವಳದ್ದೇ. ಗದ್ದೆಗೆ ಮಣ್ಣು ಬಿದ್ದಿದೆ, ಇವತ್ತೇ ತೆಗೆಯಬೇಕು, ಜನ ಬೇಕು ಎಂದರು.

"ಅಯ್ಯೋ! ಯಾರ ಕೆಲಸ ಮಾಷ್ಟ್ರೇ ಇದು? ಯಾರ ಮಣ್ಣು?"

ಸುಳ್ಳು ಹೇಳಬಹುದಿತ್ತು. ಜಿನೇಶನ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು.

"ನನ್ನದು."

"ನಿಮ್ಮ ಹೆಸರು ಹೇಳಿ ನಾನು ಅಣ್ಣಂದಿರನ್ನು ಒಪ್ಪಿಸಿದ್ದು," ಎಂದಳು ನಸೀಬಾ. "ಬರ್ತೇನೆ. ಬುಟ್ಟಿ ತರ್ತೇನೆ. ಆದ್ರೆ ಅವರಿಗೆ ಎಂತ ಹೇಳುವುದು ಅಂತ ನೀವೇ ಬಂದು ಹೇಳಬೇಕು."

ಗದ್ದೆಯ ಬದಿಯಲ್ಲಿ ಉಜ್ವಲ ಲೆಕ್ಕ ಹಾಕಿಕೊಂಡು ಕಾಯುತ್ತಿದ್ದ. "ಬೇರೆಯವರ ನಾಲ್ಕು ಟಿಪ್ಪರ್ ತರಿಸ್ತೇನೆ ಮಾಷ್ಟ್ರೇ. ರಾತ್ರಿಯೊಳಗೆ ಆಗಬಹುದು. ಆದ್ರೆ ಸುರಿಯುವುದು ಎಲ್ಲಿ? ಒಂದೇ ದಿನದಲ್ಲಿ ಇಷ್ಟು ಮಣ್ಣಿಗೆ ಯಾರೂ ಜಾಗ ಕೊಡುವುದಿಲ್ಲ."

"ಜೆಸಿಬಿ ಗದ್ದೆಗೆ ಇಳಿಸಬೇಡ," ಎಂದ ತುಕ್ರಪ್ಪ. "ಅಡಿಯ ನೆಲ ಒಡೆದ್ರೆ ಮತ್ತೆ ನೀರು ನಿಲ್ಲುವುದಿಲ್ಲ. ರಸ್ತೆಯಿಂದಲೇ ಕೈ ಚಾಚಿದಷ್ಟು ಎಳಿ. ಕೊನೆಯ ಗೇಣು ನಾವು ಬುಟ್ಟಿಯಲ್ಲಿ ತೆಗೀತೇವೆ."

ಸುರಿಯುವುದು ಎಲ್ಲಿ ಎಂಬ ಪ್ರಶ್ನೆ ಬಂದಾಗ ಅವನೂ ಪೂವಮ್ಮನೂ ಬೇಕೆಂದೇ ತೋಡಿನ ಕಡೆ ನೋಡುತ್ತಿದ್ದರು. ಮಾಷ್ಟ್ರು ಒಗೆಯುವ ಕಲ್ಲಿನ ತುಂಡನ್ನು ಎತ್ತಿ ಸ್ಕೂಟರಿನಲ್ಲಿ ಕಾಲಿನ ನಡುವೆ ಇಟ್ಟುಕೊಂಡರು. "ತಂದಲ್ಲಿಗೇ ತೆಗೆದುಕೊಂಡು ಬಾ," ಎಂದರು ಉಜ್ವಲನಿಗೆ.

ಮನೆಯಲ್ಲಿ ಆಗಲೇ ಸ್ಟೇಜು ಎದ್ದಿತ್ತು. ಗುಡ್ಡೆ ಕಡಿದ ಗೋಡೆಯುದ್ದಕ್ಕೂ ಹಳದಿ ಬಟ್ಟೆ ಇಳಿಬಿಟ್ಟು, ನಡುವೆ ಹೂವಿನ ಉಯ್ಯಾಲೆ ಕಟ್ಟಿದ್ದರು. ಮಾಷ್ಟ್ರು ಹೇಳಬೇಕಾದ್ದನ್ನು ನಿಂತಲ್ಲೇ ಹೇಳಿದರು. ವಿನೋದಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ನಿಮಗೆ ಎಂತ, ಮರ್ಲಾ? ನಾಳೆ ನಾನೂರು ಜನ ಬರ್ತಾರೆ. ಗಂಡಿನ ಕಡೆಯವರು ಬರ್ತಾರೆ. ಅಂಗಳಕ್ಕೆ ಮಣ್ಣು ತುಂಬ್ತಾರಂತೆ! ಅವಳ ಮುಖ ನೋಡಿ ಹೇಳಿ ಇದನ್ನು."

ಪ್ರಾಪ್ತಿ ಬಾಗಿಲಲ್ಲಿ ನಿಂತಿದ್ದಳು. ಮಾಷ್ಟ್ರು ಕಲ್ಲನ್ನು ಮೆಟ್ಟಿಲ ಮೇಲಿಟ್ಟರು. ಅವಳು ಬಗ್ಗಿ ತನ್ನದೇ ಅಕ್ಷರ ಓದಿದಳು.

"ಇದು ಎಲ್ಲಿತ್ತು?"

"ಗದ್ದೆಯಲ್ಲಿ. ತುಕ್ರಪ್ಪನ ಉದ್ದಿನ ಮೇಲೆ. ನಿನ್ನ ಮೆಹಂದಿಗೆ ಅಂತ ಮಾಡಿದ್ದು ಮಗಾ. ನಿನಗೆ ಒಂದು ಕೊರತೆ ಆಗಬಾರ್ದು ಅಂತ."

"ನಾನು ಕೇಳಿದ್ದಾ ಪಪ್ಪ?" ಪ್ರಾಪ್ತಿ ಸಿಟ್ಟಿನಿಂದ ತಲೆ ಎತ್ತಿದಳು. "ಇರುವ ಅಂಗಳದಲ್ಲಿ ಐವತ್ತು ಜನ ಸಾಕು ಅಂತ ಹತ್ತು ಸಲ ಹೇಳಿದ್ದೇನೆ. ಅಮ್ಮ ಸಹ ಹೇಳಿದ್ದಾರೆ. ನೀವು ಕೇಳಿದ್ದೀರಾ? ನಾನೂರು ಕುರ್ಚಿ ನನಗೆ ಬೇಕಾದದ್ದಲ್ಲ. ಅದು ಆ ಪೇಪರಿನ ಫೋಟೋದವರಿಗೆ ಬೇಕಾದದ್ದು."

ಮಾಷ್ಟ್ರು ಚಾವಡಿಯ ಗೋಡೆ ನೋಡಿದರು. ಛತ್ರಿ ಹಿಡಿದು ಟಿಪ್ಪರಿನ ಎದುರು ಕೂತ ಮನುಷ್ಯ ಅಲ್ಲಿಂದ ನಗುತ್ತಿದ್ದ. ಅವನನ್ನು ನೋಡಲಾಗದೆ ಅವರು ಮುಖ ತಿರುಗಿಸಿದರು.

ಗೇಟಿನ ಹೊರಗೆ ಟಿಪ್ಪರ್ ಬಂದು ನಿಂತಿತು. ಹಿಂದಿನಿಂದ ಪೂವಮ್ಮ ನಡೆದು ಬಂದಳು. ಬೆಳಗ್ಗಿನಿಂದ ಹಿಡಿದ ಎಣ್ಣೆಯ ಗಿಣ್ಣಲು ಇನ್ನೂ ಅವಳ ಕೈಯಲ್ಲೇ ಇತ್ತು. ಉಜ್ವಲ ಟಿಪ್ಪರನ್ನು ಹಿಮ್ಮುಖವಾಗಿ ಅಂಗಳಕ್ಕೆ ತಂದು ತಲೆ ಹೊರಗೆ ಹಾಕಿದ.

"ಎಲ್ಲಿಗೆ ಮಾಷ್ಟ್ರೇ?"

ಮಾಷ್ಟ್ರು ಹೇಳುವ ಮೊದಲೇ ಪ್ರಾಪ್ತಿ ಮೆಟ್ಟಿಲಿಳಿದು ಹೋಗಿ ಹಳದಿ ಬಟ್ಟೆಯನ್ನು ಒಂದು ತುದಿಯಿಂದ ಹಿಡಿದು ಎಳೆದಳು. ಅದರ ಹಿಂದೆ ಕಡಿದ ಗುಡ್ಡೆ ಎದ್ದು ಕಂಡಿತು. ಹಸಿ ಕೆಂಪು ಮೈ, ತುಂಡಾದ ಬೇರುಗಳು ಹೊರಗೆ ನೇತಾಡುತ್ತಿದ್ದವು. ಚಪ್ಪರದ ಹುಡುಗರೂ ಗರಬಡಿದವರಂತೆ ನಿಂತುಬಿಟ್ಟರು.

"ಇಲ್ಲಿಗೆ, ಬುಡಕ್ಕೆ," ಎಂದಳು ಪ್ರಾಪ್ತಿ. "ಸ್ಟೇಜ್ ಬಿಚ್ಚಿ ಕೊಡ್ತಾರೆ."

"ಸ್ವಲ್ಪ ನಿಲ್ಲಿ ಮಾರಾಯ್ರೆ," ಎಂದಳು ಪೂವಮ್ಮ.

ಅವಳು ಗುಡ್ಡೆಯ ಬುಡಕ್ಕೆ ಹೋದಳು. ಬಾಳೆಲೆಯಿಂದ ಅರಸಿನ, ಸೀಗೆ ತೆಗೆದು ಕಡಿದ ಮಣ್ಣಿಗೆ ಹಚ್ಚಿದಳು. ಆಮೇಲೆ ಗಿಣ್ಣಲನ್ನು ವಾಲಿಸಿ ನಿಧಾನವಾಗಿ ಎಣ್ಣೆ ಬಿಟ್ಟಳು.

"ಗದ್ದೆಗಲ್ವಾ ಪೂವಮ್ಮ ಎಣ್ಣೆ ಬಿಡುವುದು?" ಎಂದು ವಿನೋದಾ ಕೇಳಿದಳು.

"ಗದ್ದೆಗೆ ನಾಳೆ ಬಿಡ್ತೇನೆ ಅಕ್ಕ, ನೆಲ ಕಂಡ್ರೆ. ಕಡಿದದ್ದು ಇಲ್ಲಿ ಅಲ್ವಾ?"

ಅವಳು ಮಾಷ್ಟ್ರ ಕಡೆ ತಿರುಗಿಯೂ ನೋಡಲಿಲ್ಲ. ಸರ್ವೆ ಕಲ್ಲಿಗೆ ಒಂದು ಗುಂಡಿ ತೆಗೆಯಲೂ ಬಿಡದೆ ಮೂರು ದಿನ ಭೂಮಿಯನ್ನು ಕಾದೆನೆಂದುಕೊಂಡಿದ್ದ ಮಾಷ್ಟ್ರು, ಅಂಗಳದ ನಡುವೆ ಚಪ್ಪಲಿ ಕಳಚಿ ನಿಂತರು. ಎಣ್ಣೆ ಇಂಗಿದ ಮೇಲೆ ಅವರೇ ಹೋಗಿ ಸ್ಟೇಜಿನ ಮೊದಲ ಹಲಗೆ ಎತ್ತಿದರು.